ಅಮ್ಮನ ನೋಟ್‌ಬುಕ್ಕು, ಗೋಡೆಯ ಲಕ್ಷ್ಮಿ

ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ಅಮ್ಮನ ಹಳೇ ನೋಟ್‌ಬುಕ್ ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು. ಹಾಳೆಯ ತುಂಬ ಎಣ್ಣೆ ಕಲೆ. ಮೈಸೂರು ಪಾಕಿನ ಅಳತೆ ಬರೆದ ಪುಟದಲ್ಲೇ ಹಾಲಿನ ಲೆಕ್ಕ. ಅದರ ಕೆಳಗೆ ಅಪ್ಪನ ಅಕ್ಷರ: "ಬ್ಯಾಂಕು. ಛತ್ರಿ ರಿಪೇರಿ. ಮಾವನಿಗೆ ಪತ್ರ." ಅಮ್ಮ ಕನ್ನಡಕ ಸರಿಮಾಡಿಕೊಂಡು ಓದಿದಳು. "ಆ ಛತ್ರಿ ಕೊನೆಗೂ ರಿಪೇರಿ ಆಗ್ಲೇ ಇಲ್ಲ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನನಗೆ ಥಟ್ಟನೆ ಕಲಾವಿದೆ ಪುಷ್ಪಮಾಲಾ ಎನ್. ನೆನಪಾದರು. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬರೋಡದಲ್ಲಿ ಶಿಲ್ಪ ಕಲಿತವರು. ಆಮೇಲೆ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. 2004ರಲ್ಲಿ 'ರಾಷ್ಟ್ರೀಯ ಖೀರ್ ಮತ್ತು ದೇಸೀಯ ಸಲಾಡ್' ಎಂಬ ಕಿರುಚಿತ್ರ ಮಾಡಿದರು. ಅದು ಹುಟ್ಟಿದ್ದೇ ಮನೆಯ ಹಳೇ ಅಡುಗೆ ಪುಸ್ತಕಗಳಿಂದ. ಆಗಷ್ಟೇ ಸ್ವತಂತ್ರವಾದ ದೇಶದ ಕನಸನ್ನು ಒಂದು ಕುಟುಂಬದ ಅಡುಗೆಮನೆಯಲ್ಲಿ ಹುಡುಕುವುದು ಎಂಥಾ ಚೆಂದದ ಯೋಚನೆ!

ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಹೆಂಗಸರ ಚಿತ್ರಮಾಲೆ ನನಗೆ ಇನ್ನೂ ಇಷ್ಟ. ಅದರಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ, ಪೇಪರಿನಲ್ಲಿ ಬಂದ ಕಳ್ಳಿಯೂ ಅವರೇ. ನೋಡಿದ ಕೂಡಲೇ ನಗು ಬರುತ್ತದೆ. ಆದರೆ ಚೌಕಳಿ ಪರದೆಯ ಮುಂದೆ ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಾಗಿ ನಿಂತ ಚಿತ್ರಕ್ಕೆ ಬಂದಾಗ ನಗು ಗಂಟಲಲ್ಲೇ ನಿಂತಿತು. ಬ್ರಿಟಿಷರ ಕಾಲದಲ್ಲಿ ಮನುಷ್ಯರನ್ನು ಹಾಗೇ ನಿಲ್ಲಿಸಿ ಮೈಯಳತೆ ತೆಗೆಯುತ್ತಿದ್ದರು. ಮೊದಲು ನಗಿಸದಿದ್ದರೆ ನಾನು ಅಷ್ಟು ಹೊತ್ತು ಅದನ್ನು ನೋಡುತ್ತಲೇ ಇರಲಿಲ್ಲ.

ಫೋನಿನಲ್ಲಿ ಲಕ್ಷ್ಮಿಯ ಚಿತ್ರ ತೋರಿಸಿದೆ. "ನಮ್ಮ ದೇವರಮನೆ ಪಟ ಅಲ್ವಾ?" ಎಂದಳು ಅಮ್ಮ. ಮತ್ತೆ ಹತ್ತಿರ ಹಿಡಿದು ನೋಡಿದಳು. "ಅಯ್ಯೋ, ಯಾರೋ ನಮ್ಮಂಥ ಹೆಂಗಸೇ ನಿಂತಿದ್ದಾಳಲ್ಲೇ!"

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಆ ನೋಟ್‌ಬುಕ್. ಸೆರಗು ಸರಿಮಾಡಿಕೊಂಡು, ಒಲೆಯ ಪಕ್ಕ ನೆಟ್ಟಗೆ ನಿಂತು ಕರೆದಳು.

"ಬಾ, ತೆಗಿ ಒಂದು ಫೋಟೊ."