ಕೊನೆಯಲ್ಲಿ ಒಂದು ‘ಅಲ್ವಾ’

“ಬ್ಲ್ಯಾಕ್ ಆಲ್ಬಮ್ ಬಂದ್ಮೇಲೆ ಮೆಟಾಲಿಕಾ ಕೆಟ್ಟೋಯ್ತು, ಅಲ್ವಾ?”

ಇಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಬಗೆಗಿನ ಈ ಪ್ರಶ್ನೆಯನ್ನು ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಆಫೀಸಿನ ಕಾಫಿ ಮಷೀನಿನ ಮುಂದೆ ಕೇಳಿದ್ದಾರೆ, ಒಮ್ಮೆ ನನ್ನ ಟೀ ಶರ್ಟ್ ನೋಡಿ ಹಲ್ಲಿನ ಡಾಕ್ಟರೂ ಕೇಳಿದರು. ಬಾಯಲ್ಲಿ ಹತ್ತಿ ತುಂಬಿಸಿಕೊಂಡವನು ಏನಂತ ಹೇಳಬೇಕು? ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಲಿಂಕ್ ಕಳಿಸುತ್ತೇನೆ.

ನನಗೆ ಸಿಟ್ಟಿರುವುದು ಪ್ರಶ್ನೆಯ ಮೇಲಲ್ಲ, ಅದರ ಬಾಲದ ಮೇಲೆ. ‘ಅಲ್ವಾ’ ಎಂದರೆ ಕೇಳುತ್ತಿರುವುದಲ್ಲ, ಇಲ್ಲೊಂದು ಸಹಿ ಹಾಕಿ ಎಂದು ಕಾಗದ ಮುಂದೆ ತಳ್ಳುತ್ತಿರುವುದು. ಹೂಂ ಅಂದರೆ ನಾನು ಅಸಲಿ ಅಭಿಮಾನಿ. ಊಹೂಂ ಅಂದರೆ ಆ ಆಲ್ಬಮ್ಮಿನ ಜನಪ್ರಿಯ ಹಾಡು ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಒಂದೇ ಗೊತ್ತಿರುವ ಗಿರಾಕಿ. 1991ರಲ್ಲಿ ಬಂದ ಆ ಕಪ್ಪು ಹೊದಿಕೆಯ ಆಲ್ಬಮ್ಮಿನಲ್ಲಿ ಹಾಡುಗಳು ಗಿಡ್ಡವಾದವು, ವೇಗ ಇಳಿಯಿತು, ಅಮೆರಿಕದಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅಷ್ಟು ಜನ ಕೊಂಡದ್ದು ಚೆನ್ನಾಗಿರಲಿಕ್ಕಿಲ್ಲ ಎಂಬುದು ವಾದ. ಇದೇ ಮಹನೀಯರು ಮಸಾಲೆದೋಸೆ ತಿನ್ನಲು ಕ್ಯೂ ಉದ್ದ ಇರುವ ಹೋಟೆಲನ್ನೇ ಹುಡುಕಿಕೊಂಡು ಹೋಗುತ್ತಾರೆ.

ಮೆಟಾಲಿಕಾ ಕೆಟ್ಟ ಇಸವಿ ಬೇಕೇ ಬೇಕು ಅಂದರೆ ನನ್ನದು 1988. ಅದಕ್ಕೆ ಸಾಕ್ಷಿ ಒಂದು ಕ್ಯಾಸೆಟ್ಟು.

1993, ಹಾಸನ, ಪಿಯುಸಿ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ದೊಡ್ಡಮ್ಮನ ಮಗ ಮೆಟಾಲಿಕಾದ 1988ರ ಆಲ್ಬಮ್ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನ ಒರಿಜಿನಲ್ ಕ್ಯಾಸೆಟ್ ಒಂದು ದಿನದ ಮಟ್ಟಿಗೆ ಕೊಟ್ಟ. ನಾನು ಬಸ್‌ಸ್ಟ್ಯಾಂಡ್ ಹತ್ತಿರದ ರೆಕಾರ್ಡಿಂಗ್ ಅಂಗಡಿಗೆ ಓಡಿದೆ. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ದುಡ್ಡು ಸಾಲದೆ ಅರವತ್ತರದ್ದರಲ್ಲಿ ಹಾಕಿಸಿಕೊಂಡೆ. ಮನೆಗೆ ಬಂದು ಟೂ-ಇನ್-ಒನ್‌ಗೆ ಹಾಕಿದರೆ ಗಿಟಾರ್ ಇದೆ, ಡ್ರಮ್ಮು ತಗಡು ಬಡಿದ ಹಾಗೆ ಇದೆ, ತಗ್ಗು ಸ್ವರದ ಬೇಸ್ ಗಿಟಾರ್ ಮಾತ್ರ ಇಲ್ಲ. ಕಮ್ಮಿ ಅಲ್ಲ, ಇಲ್ಲವೇ ಇಲ್ಲ. ಕ್ಯಾಸೆಟ್ ಓದುವ ಹೆಡ್ಡಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದೆ. ಬೇಸ್ ಬರಲಿಲ್ಲ, ಆದರೆ ಮಾರನೆಯ ಬೆಳಗ್ಗೆ ಅಪ್ಪನ ವಚನದ ಕ್ಯಾಸೆಟ್ಟು ಬಾಯಿಗೆ ಮಫ್ಲರ್ ಸುತ್ತಿಕೊಂಡು ಹಾಡಿದಂತೆ ಕೇಳತೊಡಗಿತು.

ಅಂಗಡಿಗೆ ಹೋಗಿ ಜಗಳ ತೆಗೆದೆ.

“ಅಣ್ಣಾ, ಇದ್ರಲ್ಲಿ ಬೇಸೇ ಇಲ್ಲ. ಹೆಂಗ್ ರೆಕಾರ್ಡ್ ಮಾಡಿದ್ರಿ?”

“ನೀನ್ ಕೊಟ್ಟಿದ್ರಲ್ಲಿ ಏನಿತ್ತೋ ಅದನ್ನ ಹಾಕಿದೀನಿ ಕಣಪ್ಪಾ. ಬೇಸ್ ಕದ್ದು ನಾನೇನ್ ಮನೆಗೆ ತಗೊಂಡೋದ್ನಾ?”

ಅದೇ ಡೆಕ್ಕಿಗೆ ಯಾವುದೋ ಕನ್ನಡ ಸಿನಿಮಾ ಹಾಡು ಹಾಕಿದ. ತಬಲಾದ ಎಡಗೈ ಪೆಟ್ಟಿಗೆ ಗಾಜಿನ ಶೋಕೇಸು ನಡುಗಿತು. “ಕೇಳ್ತಾ?” ಅಂದ. ನಾನು ಇನ್ನೂ ನಾಲ್ಕು ಮಾತು ಆಡಿ ಬಂದೆ. ಇಲ್ಲಿ ಬರೆಯುವಂಥ ಮಾತುಗಳಲ್ಲ.

ಅವನು ಹೇಳಿದ್ದೇ ಸರಿ. ಆ ಆಲ್ಬಮ್ಮಿನಲ್ಲಿ ಬೇಸ್ ಇಡೀ ಪ್ರಪಂಚಕ್ಕೇ ಕೇಳಿಸುವುದಿಲ್ಲ. ಮಿಕ್ಸಿಂಗ್, ಅಂದರೆ ಒಂದೊಂದು ವಾದ್ಯದ ಸದ್ದು ಎಷ್ಟಿರಬೇಕೆಂದು ಹೊಂದಿಸುವ ಕೆಲಸ, ಮಾಡಿದ ಇಬ್ಬರಲ್ಲೊಬ್ಬ ಸ್ಟೀವ್ ಥಾಂಪ್ಸನ್, ಅದನ್ನು ತಗ್ಗಿಸಲು ಹೇಳಿದ್ದು ಡ್ರಮ್ಮಿನ ಲಾರ್ಸ್ ಉಲ್‌ರಿಕ್ ಎಂದು ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಮೊದಲ ಹಾಡು ‘ಬ್ಲ್ಯಾಕನ್ಡ್’ ಬರೆದವರಲ್ಲಿ ಬೇಸ್ ವಾದಕ ಜೇಸನ್ ನ್ಯೂಸ್ಟೆಡ್‌ನ ಹೆಸರೂ ಇದೆ. ಹೆಸರಿದೆ, ಸದ್ದಿಲ್ಲ.

ಯಾರಾದರೂ ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಇದು: ಆ ಜೇಸನ್ ಅಲ್ಲಿ ಹೇಗಿದ್ದ? 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬ್ಯಾಂಡಿನ ಬಸ್ಸು ಮಗುಚಿ ಆಗಿನ ಬೇಸ್ ವಾದಕ ಕ್ಲಿಫ್ ಬರ್ಟನ್ ಸತ್ತ. ಅವನಿಗಿನ್ನೂ 24. ಸುಮಾರು ಒಂದು ತಿಂಗಳಲ್ಲೇ ಆ ಜಾಗಕ್ಕೆ ಅರಿಜೋನಾದ ಕಡೆಯಿಂದ ಜೇಸನ್ ಬಂದ. ಮೊದಲ ಹೆಂಡತಿಯ ಫೋಟೋಕ್ಕೆ ದಿನಾ ಹೂ ಏರಿಸುವ ಮನೆಗೆ ಎರಡನೇ ಸಂಬಂಧವಾಗಿ ಹೋದವಳ ಸ್ಥಿತಿ. ಹೊಸಬ ಅಂತ ಗೋಳು ಹುಯ್ದುಕೊಂಡದ್ದನ್ನು ಬ್ಯಾಂಡಿನವರೇ ಮುಂದೆ ಒಪ್ಪಿಕೊಂಡಿದ್ದಾರೆ. ಹದಿನಾಲ್ಕು ವರ್ಷ ಇದ್ದು 2001ರ ಜನವರಿಯಲ್ಲಿ ಎದ್ದು ಹೋದ.

ನಿಮ್ಮ ಆ ಕೆಟ್ಟುಹೋದ ಆಲ್ಬಮ್ಮಿದೆಯಲ್ಲ, ಮೆಟಾಲಿಕಾದ ಪೂರ್ಣ ಆಲ್ಬಮ್ಮುಗಳ ಮಟ್ಟಿಗೆ ಅವನು ಮೊದಲ ಸಲ ಸರಿಯಾಗಿ ಕೇಳಿಸಿದ್ದು ಅದರಲ್ಲೇ. ನಿರ್ಮಾಪಕ ಬಾಬ್ ರಾಕ್ ಬಂದ, ಬೇಸ್ ಮೇಲಕ್ಕೆ ಬಂತು. ‘ಮೈ ಫ್ರೆಂಡ್ ಆಫ್ ಮಿಸರಿ’ ಶುರುವಾಗುವುದೇ ಜೇಸನ್‌ನ ಬೇಸಿನಿಂದ. ಆಡುವವನ ದನಿಯನ್ನು ಅದುಮಿಟ್ಟ ವರ್ಷ ಒಳ್ಳೆಯದು, ಬಿಟ್ಟುಕೊಟ್ಟ ವರ್ಷ ಕೆಟ್ಟದ್ದು ಎನ್ನುವ ಲೆಕ್ಕ ನನಗೆ ಹತ್ತುವುದಿಲ್ಲ. ಹಾಗಂತ 1988ರದ್ದು ಬಿಟ್ಟಿದ್ದೇನೆ ಅಂದುಕೊಳ್ಳಬೇಡಿ. ಕೆಟ್ಟಿತು ಅಂದೆ, ಬೇಡ ಅಂದೆನೇ?

2011ರ ಅಕ್ಟೋಬರ್ 30, ಬೆಂಗಳೂರಿನ ಅರಮನೆ ಮೈದಾನ. ಎರಡು ದಿನದ ಹಿಂದಷ್ಟೇ ನಡೆಯಬೇಕಿದ್ದ ಗುರ್‌ಗಾಂವ್‌ನ ಕಾರ್ಯಕ್ರಮ ರದ್ದಾಗಿತ್ತು, ಇಲ್ಲಿಯೂ ಬರುತ್ತಾರೋ ಇಲ್ಲವೋ ಎಂದು ಪ್ರಾಣ ಕೈಯಲ್ಲಿ ಹಿಡಿದು ನಿಂತಿದ್ದೆವು. ಬಂದರು. ಜೇಸನ್ ಬಿಟ್ಟ ಜಾಗಕ್ಕೆ ಬಂದ ರಾಬರ್ಟ್ ಟ್ರುಹಿಯೋನ ಬೇಸು ಪಕ್ಕೆಲುಬಿಗೆ ಬಡಿಯಿತು, ಹಾಸನದ ಆ ಶೋಕೇಸು ನೆನಪಾಯಿತು. ಕಣ್ಣು ಸ್ವಲ್ಪ ಒದ್ದೆಯಾಗಿತ್ತು ಅನ್ನಿಸುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗ ಕಿವಿಗೆ ಬಾಯಿಟ್ಟು ಕೂಗಿದ: “ಹಳೇವೇ ಚೆನ್ನ, ಅಲ್ವಾ ಅಂಕಲ್?” ನನಗೆ ಆಗ ಮೂವತ್ತೈದು.

ಆ ರೆಕಾರ್ಡಿಂಗ್ ಅಂಗಡಿ ಈಗಿಲ್ಲ. ತಪ್ಪಾಯಿತು ಅಂತ ನಾನು ಹೇಳಲೂ ಇಲ್ಲ. ಕ್ಯಾಸೆಟ್ಟು ಇದೆ. ಆಲ್ಬಮ್ 65 ನಿಮಿಷದ್ದು, ನನ್ನದು ಅರವತ್ತರದ್ದು. ಬಿ ಸೈಡು ಎಂಟನೇ ಹಾಡಿಗೇ ನಿಲ್ಲುತ್ತದೆ, ಕ್ಲಿಫ್ ಬಿಟ್ಟುಹೋದ ತುಣುಕುಗಳನ್ನು ಸೇರಿಸಿ ಕಟ್ಟಿದ ‘ಟು ಲಿವ್ ಈಸ್ ಟು ಡೈ’ಗೆ. ಒಂಬತ್ತನೆಯದು ಒಂದಿದೆ ಎಂದು ಗೊತ್ತಾದದ್ದು ಬೆಂಗಳೂರಿಗೆ ಬಂದು ಸಿ.ಡಿ. ಕೊಂಡ ಮೇಲೆ. ಈಗಲೂ ಫೋನಿನಲ್ಲಿ ಕೇಳುವಾಗ ಎಂಟನೆಯದು ಮುಗಿದರೆ ಸಾಕು, ಕ್ಯಾಸೆಟ್ ತಿರುಗಿಸಿ ಹಾಕಲು ಕೈ ಮುಂದಾಗುತ್ತದೆ.