ಫೀಟ್ ಬೇಕಾ, ಬೇಡ್ವಾ? ನಮ್ಮ ಟೇಬಲ್‌ನಲ್ಲಿ ಬೇಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದು ಪಾತ್ರವಾಗಿ ಆಡುವ ಕಥೆಯಾಟವನ್ನು ಆಡಿಸೋಕೆ ಶುರು ಮಾಡಿದ ಮೊದಲ ವರ್ಷ ನಾನು ಫೀಟ್‌ಗಳನ್ನು, ಅಂದರೆ ಪಾತ್ರಗಳು ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯಗಳನ್ನು, ಬಿಟ್ಟುಬಿಟ್ಟಿದ್ದೆ. 2014ರ ನಿಯಮಗಳ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಪ್ರಕಾರ ಡಿಎಂ (ಆಟ ನಡೆಸುವವರು) ಒಪ್ಪಿದರೆ ಮಾತ್ರ ಅವು ಆಟದಲ್ಲಿ ಇರುತ್ತವೆ. ಎಲ್ಲರೂ ಹೊಸಬರು, ಮಂತ್ರಗಳ ಪಟ್ಟಿಯೇ ತಲೆ ತಿನ್ನುತ್ತಿತ್ತು, ಇನ್ನೊಂದು ಪಟ್ಟಿ ಯಾಕೆ ಅಂತ ನನ್ನ ಯೋಚನೆ.

ಅದು ತಪ್ಪು ಅಂತ ಗೊತ್ತಾಗಿದ್ದು 4ನೇ ಲೆವೆಲ್‌ಗೆ ಬಂದಾಗ. ಅಲ್ಲಿ ಪಾತ್ರದ ಸಾಮರ್ಥ್ಯದ ಅಂಕಿ ಏರಿಸಿಕೊಳ್ಳಬಹುದು, ಫೀಟ್‌ಗೆ ಅವಕಾಶ ಇದ್ದರೆ ಅದರ ಬದಲು ಒಂದು ಫೀಟ್ ತಗೊಳ್ಳಬಹುದು. ವಿಜಾರ್ಡ್ ಆಡುವವಳು ಯಾವ ಮಂತ್ರ ಕಲಿಯಲಿ ಅಂತ ಅರ್ಧ ಗಂಟೆ ಪುಸ್ತಕ ತಿರುವಿದಳು. ಫೈಟರ್ ಆಡುವ ಹುಡುಗ ಸ್ಟ್ರೆಂತ್ 16 ಅಳಿಸಿ 18 ಬರೆದು ಪೆನ್ಸಿಲ್ ಕೆಳಗಿಟ್ಟ. "ಅಣ್ಣಾ, ನಂದು ಇಷ್ಟೇನಾ?" ಅಂದ. ಹೌದು, ಅಷ್ಟೇ. ಉಳಿದವರಿಗೆ ಇಲ್ಲದ 6 ಮತ್ತು 14ನೇ ಲೆವೆಲ್‌ಗಳಲ್ಲೂ ಫೈಟರ್‌ಗೆ ಈ ಅವಕಾಶ ಸಿಗುತ್ತದೆ, ಆದರೆ ಫೀಟ್ ಇಲ್ಲದಿದ್ದರೆ ಪ್ರತಿ ಸಲವೂ ಬರೀ ಅಂಕಿ ತಿದ್ದುವ ಕೆಲಸ. ಅವನ ಆ ಮುಖ ನಂಗೆ ಇನ್ನೂ ಮರೆತಿಲ್ಲ.

ಬೇಡ ಅನ್ನುವವರು ಮೊದಲು ಹೇಳೋ ಹೆಸರು ಗ್ರೇಟ್ ವೆಪನ್ ಮಾಸ್ಟರ್. ಹೊಡೆಯುವಾಗ ಡೈಸ್‌ನಿಂದ 5 ಕಳೆದುಕೊಂಡರೆ, ಏಟು ಬಿದ್ದಾಗ 10 ಜಾಸ್ತಿ ಡ್ಯಾಮೇಜ್. ಕೇಳೋಕೆ ಭಯಾನಕ, ಅಲ್ವಾ? ನಾನೂ ಹೆದರಿದ್ದೆ, ಆಮೇಲೆ ಕೂತು ಲೆಕ್ಕ ಹಾಕಿದೆ. 4ನೇ ಲೆವೆಲ್‌ನ ಫೈಟರ್, ಕೈಯಲ್ಲಿ ಗ್ರೇಟ್‌ಸ್ವೋರ್ಡ್, ಎದುರಾಳಿಯ ಎಸಿ (ಏಟು ತಾಗಬೇಕಾದರೆ ಮುಟ್ಟಬೇಕಾದ ಅಂಕಿ) 13 ಅಂದುಕೊಳ್ಳಿ. ಕ್ರಿಟಿಕಲ್ (ಡೈಸ್‌ನಲ್ಲಿ 20 ಬಿದ್ದಾಗಿನ ದೊಡ್ಡ ಏಟು) ಬಿಟ್ಟು ನೋಡಿದರೆ ಸ್ಟ್ರೆಂತ್ 18 ಮಾಡಿಕೊಂಡವನಿಗೆ ಒಂದು ಹೊಡೆತಕ್ಕೆ ಸರಾಸರಿ 7.7, ಸ್ಟ್ರೆಂತ್ 16ರಲ್ಲೇ ನಿಂತು ಫೀಟ್ ತಗೊಂಡವನಿಗೆ 8. ಇಷ್ಟಕ್ಕಾ ಗಲಾಟೆ ಅನ್ನಿಸಿತು. ಎಸಿ 18 ಆದರೆ ಫೀಟ್ ತಗೊಂಡವನೇ ಹಿಂದೆ ಬೀಳುತ್ತಾನೆ. ಅಡ್ವಾಂಟೇಜ್ (ಡೈಸ್ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳೋದು) ಸಿಕ್ಕಾಗ ಮಾತ್ರ ಮತ್ತೆ ಎಸಿ 13ಕ್ಕೆ ಸ್ಟ್ರೆಂತ್ 18ರವನಿಗೆ ಸುಮಾರು 10, ಫೀಟ್ ತಗೊಂಡವನಿಗೆ 12.8, ಅಲ್ಲಿ ವ್ಯತ್ಯಾಸ ನಿಜವಾಗಿ ಕಾಣುತ್ತದೆ. ಅದನ್ನು ಡಿಎಂ ಆದವರು ನಿಭಾಯಿಸಬಹುದು. ಒಂದು ಫೀಟ್‌ಗೆ ಹೆದರಿ ಇಡೀ ಅಧ್ಯಾಯವನ್ನೇ ಮುಚ್ಚಿಡೋದು ಸರಿಯಲ್ಲ.

ಯಾಕಂದ್ರೆ ಆ ಅಧ್ಯಾಯದಲ್ಲಿ ಕೀನ್ ಮೈಂಡ್ ಕೂಡ ಇದೆ. ಅದು ಇದ್ದವನಿಗೆ ಉತ್ತರ ಯಾವ ಕಡೆ ಅಂತ ಯಾವಾಗಲೂ ಗೊತ್ತಿರುತ್ತದೆ, ಕಳೆದ ಒಂದು ತಿಂಗಳಲ್ಲಿ ಕಂಡಿದ್ದು ಕೇಳಿದ್ದು ಎಲ್ಲ ಕರಾರುವಾಕ್ಕಾಗಿ ನೆನಪಿರುತ್ತದೆ. ನಾನು ಫೀಟ್ ತೆರೆದ ಮೇಲೆ ಅದೇ ಹುಡುಗ 6ನೇ ಲೆವೆಲ್‌ನಲ್ಲಿ ಇದನ್ನೇ ತಗೊಂಡ. ಅವನ ಫೈಟರ್ ಒಬ್ಬ ಹಳೇ ಅಂಚೆಯವನಂತೆ, ದಾರಿ ಮರೆಯೋ ಹಾಗೇ ಇಲ್ಲವಂತೆ. ಎರಡು ಸೆಷನ್ ಆದ ಮೇಲೆ ನೆಲದಡಿಯ ಸುರಂಗದಲ್ಲಿ ನಕ್ಷೆ ಸುಟ್ಟುಹೋಯಿತು, ಎಲ್ಲರೂ ಸುಮ್ನೆ ನನ್ನ ಮುಖ ನೋಡುತ್ತಾ ಕೂತಾಗ ಅವನು ಪೇಪರ್ ಎಳೆದುಕೊಂಡು ಆ ನಕ್ಷೆಯನ್ನು ಮತ್ತೆ ಬರೆಯತೊಡಗಿದ. ಆ ಹೊತ್ತು ಟೇಬಲ್ ಪೂರ್ತಿ ಅವನದೇ. ಕತ್ತಿ ಒರೆಯಿಂದ ಹೊರಗೆ ಬಂದೇ ಇರಲಿಲ್ಲ.

ಹೊಸಬರಿಗೆ ಪೂರ್ತಿ ಪಟ್ಟಿ ಕೊಡಬೇಡಿ, ಅವರ ಕ್ಯಾರೆಕ್ಟರ್ ನೋಡಿ ಎರಡು ಮೂರು ಹೆಸರು ಹೇಳಿ ಸಾಕು.

2024ರ ಪುಸ್ತಕದಲ್ಲಿ ಈ ಪ್ರಶ್ನೆಯೇ ಇಲ್ಲ. ಬ್ಯಾಕ್‌ಗ್ರೌಂಡ್ (ಪಾತ್ರದ ಹಿನ್ನೆಲೆ) ಜೊತೆಗೆ 1ನೇ ಲೆವೆಲ್‌ನಲ್ಲೇ ಎಲ್ಲರಿಗೂ ಒಂದು ಫೀಟ್ ಬರುತ್ತದೆ, ಗ್ರೇಟ್ ವೆಪನ್ ಮಾಸ್ಟರ್‌ನ ಆ 5-10 ಲೆಕ್ಕವನ್ನೂ ತೆಗೆದಿದ್ದಾರೆ. ನಂಗೆ ಖುಷಿಯೇ. ಆದರೆ ಕೀನ್ ಮೈಂಡ್‌ನಿಂದ ಉತ್ತರ ದಿಕ್ಕನ್ನೂ ಕಿತ್ತುಹಾಕಿದ್ದಾರೆ, ಅದು ಮಾತ್ರ ನಂಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಈಗ ಹೊಸ ಪುಸ್ತಕವೇ ನಡೆಯುತ್ತಿದೆ, ಕೀನ್ ಮೈಂಡ್ ಒಂದು ಹಳೇದೇ.