ವಿಶೇಷಣಗಳಿಗೆ ಪ್ರವೇಶವಿಲ್ಲ

ಕನ್ನಡದಲ್ಲಿ ನೆಟ್ಟಗೆ ಒಂದು ವಾಕ್ಯ ಬರೆಯುವುದನ್ನು ನಾನು ಕಲಿತದ್ದು ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗದಲ್ಲಿ, ಅದೂ ಬಿಲ್ ಎವಾನ್ಸ್ ಎಂಬ ಅಮೆರಿಕನ್ ಜಾಝ್ ಪಿಯಾನೋ ವಾದಕನ ದೆಸೆಯಿಂದ. ಕನ್ನಡ ವಿಭಾಗದ ಹಿರಿಯರು ಮುನಿಸಿಕೊಳ್ಳಬಾರದು.

ಎಂಬತ್ತರ ದಶಕದ ಮಾತು. ಶನಿವಾರ ತರಗತಿಗಳು ಮುಗಿದ ಮೇಲೆ ನಮ್ಮ ಇಂಗ್ಲಿಷ್ ಮೇಷ್ಟ್ರು ಗ್ರಂಥಾಲಯದ ಹಿಂದಿನ ಕೋಣೆಗೆ ತಮ್ಮ ರೆಕಾರ್ಡ್ ಪ್ಲೇಯರನ್ನು ಹೊತ್ತು ತರುತ್ತಿದ್ದರು. ಒಂದು ವಾರ ಮಲ್ಲಿಕಾರ್ಜುನ ಮನ್ಸೂರರು, ಇನ್ನೊಂದು ವಾರ ಚೌಡಯ್ಯನವರು, ನಡುನಡುವೆ ಜಾಝ್. ಕೇಳಿದವರೆಲ್ಲ ಒಂದು ಪುಟ ವಿಮರ್ಶೆ ಬರೆದು ಕೊಡಬೇಕು. ಭಾಷೆ ಯಾವುದಾದರೂ ಆದೀತು. 'ಅದ್ಭುತ', 'ಅಮೋಘ', 'ಮನಮೋಹಕ' ಮಾತ್ರ ಕೂಡದು. ಕಂಡ ಕಡೆಯೆಲ್ಲ ಕೆಂಪು ಶಾಯಿ. ಗಂಧರ್ವಲೋಕಕ್ಕೆ ಹೋಗಿ ಬಂದೆ ಎಂದು ಬರೆದ ಗೆಳೆಯನೊಬ್ಬನಿಗೆ, "ಬಸ್ ಚಾರ್ಜು ಎಷ್ಟಾಯಿತಯ್ಯ?" ಎಂದು ಕೇಳಿದ್ದರು.

ಬಿಲ್ ಎವಾನ್ಸ್‌ನ ಮೊದಲ ರೆಕಾರ್ಡು 'ನ್ಯೂ ಜಾಝ್ ಕನ್ಸೆಪ್ಷನ್ಸ್' ಹಾಕಿದ ದಿನ ಈ ಕಟ್ಟಳೆಯ ಬಿಸಿ ನಮಗೆ ನಿಜವಾಗಿ ತಟ್ಟಿತು. 1956ರ ಸೆಪ್ಟೆಂಬರಿನಲ್ಲಿ ರಿವರ್‌ಸೈಡ್ ಕಂಪನಿಗಾಗಿ ಧ್ವನಿಮುದ್ರಣವಾದಾಗ ಅವನಿಗೆ 27 ವರ್ಷ. ಗಿಟಾರ್ ವಾದಕ ಮಂಡೆಲ್ ಲೋ ಅವನದೊಂದು ಟೇಪನ್ನು ಟೆಲಿಫೋನಿನಲ್ಲೇ ಕಂಪನಿಯವರಿಗೆ ಕೇಳಿಸಿದನಂತೆ. ಆ ಕಾಲದ ಫೋನಿನಲ್ಲಿ ಏನು ಕೇಳಿಸಿತೋ, ಅಂತೂ ಅವರು ಒಪ್ಪಿದರು. ಬಾಸ್ ಎಂಬ ದೊಡ್ಡ ತಂತಿವಾದ್ಯಕ್ಕೆ ಟೆಡ್ಡಿ ಕೋಟಿಕ್, ಡ್ರಮ್ಸ್‌ಗೆ ಪಾಲ್ ಮೋಷನ್. ಒಟ್ಟು ಹನ್ನೊಂದು ತುಣುಕುಗಳು.

ಅಂದು ನಮ್ಮಲ್ಲಿ ಬಹುತೇಕರ ಪುಟ ಖಾಲಿ. ಹೊಗಳಿಕೆಯ ಮಾತನ್ನು ತೆಗೆದುಹಾಕಿದರೆ ಬರೆಯಲು ನಮ್ಮಲ್ಲಿ ಉಳಿದದ್ದೇ ಇಲ್ಲ. 'ಡಿಸ್‌ಪ್ಲೇಸ್‌ಮೆಂಟ್' ಎಂಬ ತುಣುಕು ಬಂದಾಗ ಮಾತ್ರ, ಮೃದಂಗ ಕಲಿಯುತ್ತಿದ್ದ ಸಹಪಾಠಿಯೊಬ್ಬ ತೊಡೆಯ ಮೇಲೆ ತಾಳ ಹಾಕುತ್ತಿದ್ದವನು ಥಟ್ಟನೆ ನಿಲ್ಲಿಸಿ, "ಸಾರ್, ಇವನು ಸಮಕ್ಕೆ ಎತ್ತುತ್ತಿಲ್ಲ, ಎಡುಪು ಜರುಗಿಸುತ್ತಿದ್ದಾನೆ" ಎಂದ. ಎಡುಪು ಎಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ. ಮೇಷ್ಟ್ರು ಮುಳ್ಳನ್ನು ಎತ್ತಿ ಮತ್ತೆ ಅದೇ ಜಾಗಕ್ಕೆ ಇಟ್ಟರು. ಹೌದು, ರಾಗದ ಎಳೆ ತಾಳದ ಪೆಟ್ಟಿನಿಂದ ಬೇಕೆಂದೇ ಪಕ್ಕಕ್ಕೆ ಸರಿಯುತ್ತಿತ್ತು. ಜಾಝ್ ಎಂಬ ಹೆಸರನ್ನಷ್ಟೇ ಕೇಳಿದ್ದವನೊಬ್ಬ ಆ ರೆಕಾರ್ಡಿನ ಬಗ್ಗೆ ಆಡಿದ ಆ ಒಂದು ವಾಕ್ಯವೇ ನಾನು ಕೇಳಿದ ಮೊದಲ ವಿಮರ್ಶೆ ಎನ್ನಬೇಕು.

ನಾನು ಹಿಡಿದುಕೊಂಡದ್ದು 'ವಾಲ್ಟ್ಜ್ ಫಾರ್ ಡೆಬಿ'ಯನ್ನು. ಅಣ್ಣನ ಮಗಳಿಗಾಗಿ ಎವಾನ್ಸ್ ಕಟ್ಟಿದ ಸ್ವರರಚನೆ. ಈ ರೆಕಾರ್ಡಿನಲ್ಲಿ ಬಾಸ್ ಇಲ್ಲ, ಡ್ರಮ್ಸ್ ಇಲ್ಲ, ಪಿಯಾನೋ ಒಂದೇ. ಒಂದೂವರೆ ನಿಮಿಷವೂ ಇಲ್ಲ. ವಿಸ್ತಾರದ ಗೊಡವೆಗೇ ಹೋಗದೆ ಹಾಡನ್ನು ಹೇಳಿ ಮುಗಿಸಿಬಿಡುತ್ತಾನೆ. 1961ರಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್ಬಿನಲ್ಲಿ ಬಾಸ್ ವಾದಕ ಸ್ಕಾಟ್ ಲಫಾರೋ, ಮೋಷನ್ ಜೊತೆ ನುಡಿಸಿದ ಇದೇ ರಚನೆ ಹೆಚ್ಚು ಪ್ರಸಿದ್ಧ, ಅದು ಆರು ನಿಮಿಷ ದಾಟುತ್ತದೆ. ನನಗೆ ಇಂದಿಗೂ ಆ ಚಿಕ್ಕದೇ ಇಷ್ಟ. ಬಲ್ಲವರು ನಕ್ಕರೆ ನಗಲಿ.

ಬರೆದು ಕೊಟ್ಟ ಮೇಲೆಯೇ ಮೇಷ್ಟ್ರು ರೆಕಾರ್ಡಿನ ಚರಿತ್ರೆ ಹೇಳುತ್ತಿದ್ದರು, ಮೊದಲೇ ಹೇಳಿದರೆ ಬೇರೆಯವರ ಅಭಿಪ್ರಾಯವನ್ನು ನಕಲು ಮಾಡುತ್ತೇವೆಂದು. 'ಡೌನ್‌ಬೀಟ್', 'ಮೆಟ್ರೋನೋಮ್' ಎಂಬ ಅಮೆರಿಕದ ಸಂಗೀತ ಪತ್ರಿಕೆಗಳು ಈ ಹೊಸಬನನ್ನು ಮೆಚ್ಚಿ ಬರೆದಿದ್ದವು. ಮೊದಲ ವರ್ಷ ಮಾರಾಟವಾದದ್ದು ಸುಮಾರು 800 ಪ್ರತಿ! ಆದರೂ ಕಂಪನಿ ಎರಡನೆಯ ರೆಕಾರ್ಡಿಗೆ ದುಂಬಾಲು ಬಿದ್ದಿತು. ಎವಾನ್ಸನೇ ಒಲ್ಲೆ ಎಂದ. ಹೇಳಲು ಹೊಸದೇನೂ ಇಲ್ಲವಂತೆ. ನಡುವೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸನ ತಂಡದಲ್ಲಿ ನುಡಿಸಿ ಹೊರಬಂದು, ಕೊನೆಗೆ ಮತ್ತೆ ತನ್ನ ಹೆಸರಿನಲ್ಲಿ ಧ್ವನಿಮುದ್ರಣಕ್ಕೆ ಕುಳಿತದ್ದು 1958ರ ಡಿಸೆಂಬರಿನಲ್ಲಿ. ಕಂಪನಿ ಈ ಬಾರಿ ಯಾವ ಅಪಾಯಕ್ಕೂ ಸಿದ್ಧವಿರಲಿಲ್ಲ. ಮೈಲ್ಸ್ ಡೇವಿಸ್, ಜಾರ್ಜ್ ಶಿಯರಿಂಗ್, ಅಹ್ಮದ್ ಜಮಾಲ್, ಕ್ಯಾನನ್‌ಬಾಲ್ ಆಡರ್ಲಿ ಈ ನಾಲ್ವರು ಜಾಝ್ ಕಲಾವಿದರ ಪ್ರಶಂಸೆಯನ್ನು ಸಹಿ ಸಮೇತ ರಕ್ಷಾಕವಚದ ತುಂಬ ಅಚ್ಚು ಹಾಕಿತು. ಅದನ್ನು ನೋಡಿದ ಎವಾನ್ಸ್, ನಮ್ಮಮ್ಮನದೂ ಒಂದು ಮಾತು ಹಾಕಬಾರದಿತ್ತೆ ಎಂದು ಕೇಳಿದನಂತೆ. ಇದನ್ನು ಹೇಳುವಾಗ ಮೇಷ್ಟ್ರಿಗೆ ನಗು ತಡೆಯಲಾಗುತ್ತಿರಲಿಲ್ಲ.

ವರ್ಷಗಳ ನಂತರ ನನ್ನ ಮೊದಲ ಪ್ರಬಂಧ ಸಂಕಲನ ಅಚ್ಚಿಗೆ ಹೋದಾಗ ಬೆನ್ನುಡಿ ಬೇಡಿಕೊಂಡು ಅವರ ಮನೆಗೆ ಹೋದೆ. ನಿವೃತ್ತರಾಗಿದ್ದರು. "ಯಾಕೆ, ನಿಮ್ಮ ತಾಯಿ ಊರಲ್ಲಿ ಇಲ್ಲವೇ?" ಎಂದು ಕೇಳಿದರು. ಆಮೇಲೆ ಹಸ್ತಪ್ರತಿ ಇಟ್ಟುಕೊಂಡು, ವಾರ ಕಳೆದು ಒಂದು ಅಂಚೆ ಕಾರ್ಡು ಬರೆದರು: "ಹದಿನಾಲ್ಕು ಪ್ರಬಂಧಗಳಿವೆ. ಒಂಬತ್ತನೆಯದರಲ್ಲಿ ಲೇಖಕರ ಅಜ್ಜಿ ಮಾತನಾಡುತ್ತಾರೆ, ಲೇಖಕರು ಸುಮ್ಮನಿರುತ್ತಾರೆ. ಅದನ್ನು ಎರಡು ಸಲ ಓದಿದೆ." ಇದರಿಂದ ಪುಸ್ತಕ ಹೇಗೆ ಮಾರುವುದೆಂದು ಪ್ರಕಾಶಕರು ಗೊಣಗಿದರು. ನಾನು ಹಾಗೆಯೇ ಅಚ್ಚು ಹಾಕಿಸಿದೆ.